ಎಣ್ಣೆ ನೋಡಿದಾಗ ಇಂಜಿನ್ ಆನ್ ಇತ್ತಾ?

ಆಯುಧಪೂಜೆ ಮುಗಿದ ಮೂರನೆಯ ದಿನ ಆ ಪಿಕಪ್ ಅಂತರಸನಹಳ್ಳಿಯ ನನ್ನ ಗ್ಯಾರೇಜಿಗೆ ಬಂತು. ಬಂಪರಿಗೆ ಕಟ್ಟಿದ್ದ ಬಾಳೆಕಂದು ಬಾಡಿ ಜೋತುಬಿದ್ದಿತ್ತು. ಗಾಜಿನ ಮೇಲಿನ ವಿಭೂತಿ ಪಟ್ಟೆಯನ್ನು ವೈಪರ್ ಅರ್ಧ ಒರೆಸಿ ಅರ್ಧ ಬಿಟ್ಟಿತ್ತು. ಗೇಟಿನ ಹತ್ತಿರದ ಸಣ್ಣ ಏರನ್ನು ಹತ್ತುವಾಗಲೇ ಇಂಜಿನ್ ಜೋರಾಗಿ ಕೂಗಿತು, ಗಾಡಿ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುವಂತೆ ನಿಧಾನಕ್ಕೆ ತೆವಳಿತು. ಒಳಗೆ ಏನೋ ಜಾರುತ್ತಿದೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಏನು, ಯಾಕೆ ಎಂದು ಗೊತ್ತಾಗಲು ನಾಲ್ಕು ವಾರ ಹಿಡಿಯಿತು.

ಗಾಡಿಯ ಯಜಮಾನರು ಅಮೃತೂರು ಕಡೆಯವರು. ಬೋರ್‌ವೆಲ್‌ಗಳಲ್ಲಿ ಕೆಟ್ಟು ಕೂತ ಮೋಟರುಗಳನ್ನು ಮೇಲಕ್ಕೆ ಎತ್ತುವುದು ಅವರ ಕಸುಬು. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಚೈನ್ ಪುಲ್ಲಿ, ಕ್ಲಾಂಪು, ಪೈಪು ಬಿಚ್ಚುವ ಪಾನಾ, ಎಲ್ಲ ಹಿಂದಿನ ಡಾಲಾದಲ್ಲಿ ತುಂಬಿಕೊಂಡು ಕುಣಿಗಲ್ಲಿನಿಂದ ಗುಬ್ಬಿಯವರೆಗೆ ಹಳ್ಳಿ ಹಳ್ಳಿ ತಿರುಗುವವರು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗಾಲು ಸೊರಗಿದೆ. ಮೊಣಕಾಲಿನ ಕೆಳಗೆ ಅದರಲ್ಲಿ ಬಲವೇ ಇಲ್ಲ. ಸರಪಳಿ ಎಳೆದೂ ಎಳೆದೂ ಅವರ ತೋಳು ಮಾತ್ರ ನನ್ನ ತೊಡೆಯಷ್ಟು ದಪ್ಪವಾಗಿವೆ.

"ಏನಾಯ್ತು ಯಜಮಾನ್ರೆ?" ಅಂದೆ.

"ಎಳೀತಾ ಇಲ್ಲ ಮೇಸ್ತ್ರಿ. ತುಳುದ್ರೆ ಇಂಜಿನ್ ಕೂಗ್ತೈತೆ, ಗಾಡಿ ಬರಾಕಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಪರವಾಗಿಲ್ಲ, ಬಿಸಿ ಆಯ್ತು ಅಂದ್ರೆ ಮುಗೀತು." ಸ್ವಲ್ಪ ಯೋಚಿಸಿ ಮತ್ತೊಂದು ಮಾತು ಸೇರಿಸಿದರು. "ಒಳಗೆ ಒಂಥರಾ ಶಬ್ದ ಬೇರೆ. ಬೋರ್‌ನಾಗೆ ನೀರು ಕಮ್ಮಿ ಆದಾಗ ಮೋಟ್ರು ಗಾಳಿ ಎಳೀತದಲ್ಲ, ಹಂಗೆ."

ನಾನು ನಕ್ಕುಬಿಟ್ಟೆ. "ನಿಮ್ಗೆ ಎಲ್ಲಿ ಹೋದ್ರೂ ಮೋಟ್ರೇ ಕೇಳ್ಸುತ್ತೆ ಬಿಡಿ" ಅಂದೆ. ಅವರೂ ನಕ್ಕರು.

ಅದು ಆಟೋಮ್ಯಾಟಿಕ್ ಗೇರಿನ ಹಳೆಯ ಪಿಕಪ್. ನಮ್ಮ ಕಡೆ ಹೊರೆ ಹೊರುವ ಗಾಡಿಗಳಲ್ಲಿ ಕ್ಲಚ್ ಇಲ್ಲದ್ದನ್ನು ಕಾಣುವುದೇ ಅಪರೂಪ. ಯಾವುದೋ ಎಸ್ಟೇಟಿನವರು ಓಡಿಸಿ ಬೇಸರವಾಗಿ ಮಾರಿದ್ದನ್ನು ಇವರು ಹುಡುಕಿಕೊಂಡು ಹೋಗಿ ತಂದಿದ್ದರು. ಕ್ಲಚ್ ತುಳಿಯಲು ಎಡಗಾಲು ಬೇಕು, ಅದು ಅವರಿಗಿಲ್ಲ. ಮೊದಲೆಲ್ಲ ಒಂದು ಮೋಟರ್ ಎತ್ತಬೇಕಾದರೆ ಯಾರದೋ ಟೆಂಪೊ, ಯಾರದೋ ಬೈಕು, ಬಂದವರ ಹಿಂದೆ ಕೂತು ಹೋಗಬೇಕಿತ್ತು. ವಾಪಸ್ಸು ಬಿಡುವವರಿಲ್ಲದೆ ಊಟದ ಹೊತ್ತು ಮೀರುವವರೆಗೂ ಯಾರದೋ ತೋಟದ ಬದುವಿನ ಮೇಲೆ ಕೂತಿದ್ದುಂಟಂತೆ. ಈ ವರ್ಷ ಯುಗಾದಿಯ ಸುಮಾರಿಗೆ ಗೇರ್‌ಬಾಕ್ಸ್ ಎಣ್ಣೆ ಬದಲಿಸಲು ಬಂದಾಗ ಅವರೇ ಹೇಳಿದ್ದರು. "ಈ ಗಾಡಿ ಬಂದ್ಮೇಲೆ ನಾನು ಯಾರ್ನೂ 'ಕರ್ಕೊಂಡು ಹೋಗ್ತೀಯಾ' ಅಂತ ಕೇಳಿಲ್ಲ ಮೇಸ್ತ್ರಿ. ಅದೊಂದ್ ಮಾತು ನನ್ ಬಾಯಿಂದ ಹೋಯ್ತು."

ಕುಣಿಗಲ್ಲಿನಲ್ಲಿ ಯಾರೂ ಆ ಗೇರ್‌ಬಾಕ್ಸಿಗೆ ಕೈ ಹಾಕಲು ಒಪ್ಪದೆ ಅವರು ಅರವತ್ತು ಕಿಲೋಮೀಟರ್ ದೂರದ ನನ್ನ ಹತ್ತಿರ ಬಂದಿದ್ದರು. ನಾನು ಒಪ್ಪಿದ್ದೆ. ಇಪ್ಪತ್ತಾರು ವರ್ಷ ಲಾರಿ, ಟೆಂಪೊ, ಜೀಪುಗಳ ಗೇರ್‌ಬಾಕ್ಸ್ ಬಿಚ್ಚಿದವನಿಗೆ ಎಣ್ಣೆ ಬದಲಿಸುವುದೇನು ಮಹಾ ಅನ್ನುವ ಜಂಭ ಇತ್ತು.

ಈಗ ಬಂದಾಗ ಕ್ರಮಬದ್ಧವಾಗಿಯೇ ಶುರು ಮಾಡಿದೆ, ಅದನ್ನು ಹೇಳಿಕೊಳ್ಳುತ್ತೇನೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇಯಲ್ಲಿ ಹೋದೆ. ಹತ್ತು ಕಿಲೋಮೀಟರ್ ಚೆನ್ನಾಗಿಯೇ ಓಡಿತು. ಬಿಸಿಯಾದ ಮೇಲೆ ಮೇಲ್ಸೇತುವೆ ಹತ್ತುವಾಗ ಎರಡರಿಂದ ಮೂರನೆಯ ಗೇರಿಗೆ ಬೀಳುವ ಜಾಗದಲ್ಲಿ ಇಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ತಟ್ಟನೆ ಮೇಲೆ ಹೋಯಿತು, ವೇಗ ಏರಲಿಲ್ಲ. ವಾಪಸ್ಸು ಬಂದು ಚಕ್ರಗಳಿಗೆ ಕಲ್ಲು ಕೊಟ್ಟೆ. ಎಡಗಾಲಲ್ಲಿ ಬ್ರೇಕ್ ಒತ್ತಿ ಹಿಡಿದು, ಮುಂದಕ್ಕೆ ಓಡಿಸುವ ಡಿ ಗೆ ಹಾಕಿ, ಐದು ಸೆಕೆಂಡು ಆಕ್ಸಿಲರೇಟರ್ ಪೂರ್ತಿ ತುಳಿದೆ. ಇಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಒಳಗಿನ ಪ್ಲೇಟುಗಳು ಬಿಗಿಯಾಗಿ ಹಿಡಿದಿದ್ದರೆ ಇಂಜಿನ್ ಒಂದು ಮಿತಿಗಿಂತ ಮೇಲೆ ಏರಬಾರದು. ಇದು ಮಿತಿ ದಾಟಿ ಹೋಯಿತು. ರಿವರ್ಸಿಗೆ ಹಾಕಿ ನೋಡಿದೆ, ಅಲ್ಲೂ ಅದೇ. ಒಂದರಲ್ಲಿ ಮಾತ್ರ ಜಾರಿದರೆ ಆ ಗೇರಿನ ಪ್ಲೇಟು ಸವೆದಿದೆ ಎಂದು ಅರ್ಥ. ಎರಡರಲ್ಲೂ ಜಾರಿದರೆ ಎಣ್ಣೆಯ ಒತ್ತಡವೇ ಕಡಿಮೆ. ಆಟೋಮ್ಯಾಟಿಕ್‌ನಲ್ಲಿ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಎಣ್ಣೆಯೇ.

ಇಷ್ಟು ಸರಿಯಾಗಿ ಯೋಚಿಸಿದವನು ಮುಂದಿನ ಹೆಜ್ಜೆಯಲ್ಲಿ ಎಡವಿದೆ. ಗಾಡಿಯನ್ನು ಲಿಫ್ಟಿಗೆ ಏರಿಸಿ, ಇಂಜಿನ್ ನಿಲ್ಲಿಸಿ, ಗೇರ್‌ಬಾಕ್ಸಿನ ಮಗ್ಗುಲಿನ ಪ್ಲಗ್ ಬಿಚ್ಚಿದೆ. ಈ ಗೇರ್‌ಬಾಕ್ಸಿಗೆ ಅದ್ದಿ ನೋಡುವ ಕಡ್ಡಿ ಇಲ್ಲ. ಪ್ಲಗ್ ಬಿಚ್ಚಿದಾಗ ಎಣ್ಣೆ ಹೊರಗೆ ತೊಟ್ಟಿಕ್ಕಿದರೆ ಮಟ್ಟ ಸರಿ ಎಂದು ಲೆಕ್ಕ. ತೊಟ್ಟಿಕ್ಕಿತು. "ಎಣ್ಣೆ ಸರಿಯಾಗೈತೆ" ಎಂದು ಪ್ಲಗ್ ಬಿಗಿದೆ. ಬೆರಳಿಗೆ ಹತ್ತಿದ ಎಣ್ಣೆ ಕಪ್ಪಾಗಿತ್ತು, ಸೀದ ವಾಸನೆ ಇತ್ತು. ಹಳೆಯ ಗಾಡಿ ಅಲ್ಲವೇ ಅಂದುಕೊಂಡೆ.

ಕೈ ಒರೆಸಿಕೊಳ್ಳುವಾಗ ಹಿಂದಿನ ಚಕ್ರದ ಒಳಗೆ ಒಣಗಿದ ಕೆರೆಗೋಡು ಮಣ್ಣು ಕಣ್ಣಿಗೆ ಬಿತ್ತು.

"ಕೆರೆಗೆ ಇಳಿಸಿದ್ರಾ?"

"ಹೂಂ, ಹಬ್ಬ ಅಲ್ವಾ. ಊರ್ನೋರೆಲ್ಲ ಇಳಿಸ್ತಾರೆ."

ಹೌದು, ಊರಿನವರೆಲ್ಲ ಇಳಿಸುತ್ತಾರೆ. ಹಬ್ಬದ ಬೆಳಿಗ್ಗೆ ಟ್ರ್ಯಾಕ್ಟರು, ಆಟೊ, ಬೈಕು ಎಲ್ಲವೂ ಕೆರೆಯಲ್ಲಿ ಸೊಂಟದವರೆಗೆ ನಿಂತು ಮೈ ತೊಳೆಸಿಕೊಳ್ಳುತ್ತವೆ. ಓಡಿಸಿಕೊಂಡು ಬಂದ ಬಿಸಿ ಗಾಡಿಯನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಗೇರ್‌ಬಾಕ್ಸ್ ಉಸಿರಾಡುವ ಸಣ್ಣ ಕೊಳವೆಯಿಂದ ನೀರು ಒಳಗೆ ಹೋಗುತ್ತದೆ. ಆಟೋಮ್ಯಾಟಿಕ್‌ನ ಪ್ಲೇಟುಗಳ ಮೇಲೆ ಅಂಟಿಸಿದ ಪದರ ನೀರಿಗೆ ಎದ್ದುಬರುತ್ತದೆ. ಇದನ್ನೆಲ್ಲ ಅವರಿಗೆ ಪಾಠ ಹೇಳಿದಂತೆ ಹೇಳಿದೆ. "ಇದೇನು ಎಮ್ಮೇನಾ ಯಜಮಾನ್ರೆ, ಕೆರೇಲಿ ಅದ್ದಕ್ಕೆ?" ಎಂದೂ ಅಂದೆ. ಅವರು ಬಾಡಿದ ಬಾಳೆಕಂದನ್ನು ಬಿಚ್ಚಿ ಪಕ್ಕಕ್ಕೆ ಹಾಕಿದರು.

ನೀರು ಸೇರಿದ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಬೇಕು. ಅದು ಕಪ್ಪಗಿತ್ತು. ಸ್ವಲ್ಪವೇ ಹೋಗಿದ್ದ ನೀರು ಬಿಸಿಗೆ ಆವಿಯಾಗಿರಬೇಕು ಎಂದು ನಾನೇ ಒಂದು ಕಥೆ ಕಟ್ಟಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಕೆರೆ ಸಿಕ್ಕಿತ್ತು.

ಉಸಿರುಕೊಳವೆ ಬಿಚ್ಚಿ ಊದಿದೆ. ವೈರಿನ ಕನೆಕ್ಟರುಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿ ಸ್ಪ್ರೇ ಹೊಡೆದೆ. ಮಾರನೆಯ ಬೆಳಿಗ್ಗೆ ತಣ್ಣಗಿದ್ದ ಗಾಡಿ ಸೊಗಸಾಗಿ ಎಳೆಯಿತು. "ಓಡಿಸಿ ನೋಡಿ, ಏನೂ ಆಗಲ್ಲ" ಎಂದು ಕಳಿಸಿದೆ.

ಎಂಟು ದಿನಕ್ಕೆ ಫೋನ್ ಬಂತು. ಗುಬ್ಬಿ ಹತ್ತಿರದ ಒಂದು ತೋಟದಲ್ಲಿ ಪೈಪು ತುಂಬಿಕೊಂಡು ದಿಣ್ಣೆ ಹತ್ತುವಾಗ ಗಾಡಿ ಹಿಂದಕ್ಕೆ ಜಾರಿತಂತೆ. ಹಿಂದೆ ತೆಂಗಿನ ಮರದ ಬುಡದಲ್ಲಿ ಇಬ್ಬರು ಕೂತಿದ್ದರು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ ಅಂದರು. ಮತ್ತೆ ತಂದರು. ಮೀಟರ್ ಹಾಕಿ ಸೊಲೆನಾಯ್ಡುಗಳನ್ನು ಪರೀಕ್ಷಿಸಿದೆ. ಇವು ಎಣ್ಣೆಯನ್ನು ಯಾವ ದಾರಿಗೆ ಬಿಡಬೇಕು ಎಂದು ತೀರ್ಮಾನಿಸುವ ಸಣ್ಣ ವಾಲ್ವುಗಳು. ಒಂದರ ರೀಡಿಂಗ್ ಅಂಚಿನಲ್ಲಿತ್ತು. ಕೆಟ್ಟಿದೆ ಅನ್ನುವ ಹಾಗೂ ಇಲ್ಲ, ಚೆನ್ನಾಗಿದೆ ಅನ್ನುವ ಹಾಗೂ ಇಲ್ಲ. ಬೆಂಗಳೂರಿಂದ ಹೊಸದನ್ನು ತರಿಸಲು ಆರು ದಿನ ಆಯಿತು. ಸೊಲೆನಾಯ್ಡ್ ಬದಲಿಸಲು ಕೆಳಗಿನ ತಟ್ಟೆ ಬಿಚ್ಚಿದಾಗ ಹೊರಗೆ ಬಂದಷ್ಟೂ ಎಣ್ಣೆಯನ್ನು ಹಿಡಿದು, ಅಷ್ಟೇ ಹೊಸ ಎಣ್ಣೆಯನ್ನು ಅಳೆದು ಹಾಕಿದೆ. ಎಷ್ಟು ಬಂತೋ ಅಷ್ಟೇ. ಮತ್ತೆ ಇಂಜಿನ್ ನಿಲ್ಲಿಸಿಯೇ ಪ್ಲಗ್ ಬಿಚ್ಚಿ, ತೊಟ್ಟಿಕ್ಕುವುದನ್ನು ನೋಡಿ ಮುಚ್ಚಿದೆ. ತಟ್ಟೆಯ ತಳದ ಆಯಸ್ಕಾಂತದ ಮೇಲೆ ಕಪ್ಪು ಕೆಸರಿನ ಜೊತೆ ಕಂದು ಬಣ್ಣದ ಚೂರುಗಳಿದ್ದವು. ಪ್ಲೇಟಿನ ಪದರ ಅದು. "ನೋಡಿ, ಕೆರೆ ನೀರು ಮಾಡಿರೋ ಕೆಲ್ಸ" ಎಂದು ಅವರಿಗೆ ತೋರಿಸಿದೆ. ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಅವರು ಬಹಳ ಹೊತ್ತು ನೋಡಿದರು.

ನಾಲ್ಕನೆಯ ವಾರದ ಕೊನೆಗೆ ಗಾಡಿ ಗುಬ್ಬಿ ರಸ್ತೆಯಲ್ಲಿ ನಿಂತೇಹೋಯಿತು. ಡಿ ಗೆ ಹಾಕಿದರೂ ಇಲ್ಲ, ಆರ್ ಗೆ ಹಾಕಿದರೂ ಇಲ್ಲ. ಇಂಥ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬಾರದು. ಇಂಜಿನ್ ತಿರುಗದೆ ಚಕ್ರ ಮಾತ್ರ ತಿರುಗಿದರೆ ಒಳಗೆ ಎಣ್ಣೆ ಓಡಾಡದೆ ಉಳಿದದ್ದೂ ಸುಟ್ಟುಹೋಗುತ್ತದೆ. ಅದಕ್ಕೇ ಮೇಲೆ ಹೊತ್ತು ತರುವ ಲಾರಿ ತೆಗೆದುಕೊಂಡು ಹೋದೆ. ಯಜಮಾನರು ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೋಲು ಹಿಡಿದು ಕೂತಿದ್ದರು. ಬಿಸಿಲು ನೆತ್ತಿಗೇರಿತ್ತು.

"ಎಷ್ಟೊತ್ತಾಯ್ತು?"

"ಬೆಳಿಗ್ಗೆಯಿಂದ. ಮೂರ್ ಜನ ನಿಲ್ಲಿಸಿ ಕೇಳುದ್ರು, ಎಲ್ಲಿಗಣ್ಣ ಬಿಡಬೇಕು ಅಂತ. ಯಾಕೋ ಹೋಗಾಕೆ ಮನ್ಸಾಗ್ಲಿಲ್ಲ."

ಅಂದು ಸಂಜೆ ನನ್ನ ಜಂಭ ಇಳಿಯಿತು. ಬೆಂಗಳೂರಿನಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಂದನ್ನೇ ಮಾಡುವ ಮೆಕ್ಯಾನಿಕ್ ಒಬ್ಬರಿದ್ದಾರೆ. ನನಗಿಂತ ಹದಿನೈದು ವರ್ಷ ಚಿಕ್ಕವರು. ಬಿಡಿಭಾಗದ ಅಂಗಡಿಯವರಿಂದ ನಂಬರ್ ಪಡೆದು ಫೋನ್ ಮಾಡಿದೆ. ಕೆರೆಯಿಂದ ಹಿಡಿದು ಸೊಲೆನಾಯ್ಡಿನವರೆಗೆ ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಸರ್, ಪ್ಲಗ್ ಬಿಚ್ಚಿ ಎಣ್ಣೆ ನೋಡಿದಾಗ ಇಂಜಿನ್ ಆನ್ ಇತ್ತಾ?"

ನಾನು ಇಲ್ಲ ಅಂದೆ. ಯಾರಾದರೂ ಇಂಜಿನ್ ಆನ್ ಇಟ್ಟು ಗೇರ್‌ಬಾಕ್ಸಿನ ಪ್ಲಗ್ ಬಿಚ್ಚುತ್ತಾರೆಯೇ? ನಾನು ಕಲಿತ ಗ್ಯಾರೇಜಿನಲ್ಲಿ ಹಾಗೆ ಮಾಡಿದ್ದರೆ ಕಪಾಳಕ್ಕೆ ಬೀಳುತ್ತಿತ್ತು. ಗಾಡಿ ನಿಲ್ಲಿಸು, ಹತ್ತು ನಿಮಿಷ ಎಣ್ಣೆ ಇಳಿಯಲು ಬಿಡು, ಬಿಚ್ಚು, ತುಂಬಿ ಹೊರಗೆ ಬಂದರೆ ಮುಚ್ಚು. ಇಪ್ಪತ್ತಾರು ವರ್ಷ ಇದೇ ಮಾಡಿದ್ದೇನೆ, ಸುತ್ತಮುತ್ತ ಎಲ್ಲರೂ ಇದನ್ನೇ ಮಾಡುತ್ತಾರೆ.

"ಆನ್ ಮಾಡಿ, ಗೇರ್ ಲಿವರ್ ಎಲ್ಲಾ ಕಡೆ ಒಂದೊಂದ್ಸಲ ಆಡಿಸಿ, ಸ್ವಲ್ಪ ಬೆಚ್ಚಗಾದ್ಮೇಲೆ ಇಂಜಿನ್ ಓಡ್ತಿರುವಾಗ್ಲೇ ನೋಡ್ಬೇಕು ಸರ್. ಈಗ ಹಂಗೆ ನೋಡಿ ಫೋನ್ ಮಾಡಿ" ಅಂದರು.

ಹಾಗೇ ಮಾಡಿದೆ. ಪ್ಲಗ್ ಬಿಚ್ಚಿದೆ. ಒಂದು ತೊಟ್ಟೂ ಬರಲಿಲ್ಲ.

ನಮ್ಮ ಮನೆಗಳಲ್ಲಿ ಸಂಪು ಇರುತ್ತದಲ್ಲ, ಮೋಟರ್ ಹಾಕದೆ ಇಣುಕಿದರೆ ನೀರು ತುಂಬಿದಂತೆ ಕಾಣುತ್ತದೆ. ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಿದರೆ ಸಂಪು ಇಳಿಯುತ್ತದೆ. ಈ ಗೇರ್‌ಬಾಕ್ಸೂ ಅಷ್ಟೇ. ಇಂಜಿನ್ ಓಡಿದರೆ ಪಂಪು ತಳದ ಎಣ್ಣೆಯನ್ನು ಎಳೆದು ಮುಂದಿನ ದೊಡ್ಡ ಡಬ್ಬಿಗೆ, ಪೈಪುಗಳಿಗೆ ಎಲ್ಲ ತುಂಬಿಸುತ್ತದೆ. ಆಗ ತಳದಲ್ಲಿ ಎಷ್ಟು ಉಳಿಯುತ್ತದೋ ಅದೇ ಲೆಕ್ಕ. ಇಂಜಿನ್ ನಿಲ್ಲಿಸಿ ತುಂಬಿದವನು ಸಂಪನ್ನು ಮಾತ್ರ ತುಂಬಿದ್ದ. ಯುಗಾದಿಯಲ್ಲಿ ಆ ಎಣ್ಣೆ ಬದಲಿಸಿದವನು ನಾನು. ಹಬ್ಬದ ನಂತರ ಮೊದಲ ಸಲ ಬಿಚ್ಚಿದಾಗ ಪ್ಲಗ್ಗಿನ ಮೇಲೆ ನಾನೇ ಇಟ್ಟ ಬಿಳಿ ಬಣ್ಣದ ಚುಕ್ಕೆ ಹಾಗೇ ಇತ್ತು. ನಡುವೆ ಬೇರೆ ಯಾರ ಪಾನಾವೂ ಅದಕ್ಕೆ ತಾಗಿರಲಿಲ್ಲ. ಎಣ್ಣೆ ಸುರಿಯುತ್ತ ಅಳೆದೆ. ಎರಡು ಲೀಟರಿಗೂ ಮಿಕ್ಕಿ ಹಿಡಿಯಿತು. ಅದರಲ್ಲಿ ಸ್ವಲ್ಪ ಪೈಪಿನ ಜಾಯಿಂಟಿನಲ್ಲಿ ಬೆವರಿದಂತೆ ಹೋಗಿರಬಹುದು. ಉಳಿದದ್ದು ಒಳಗೆ ಹೋಗಿಯೇ ಇರಲಿಲ್ಲ. ಆರು ತಿಂಗಳು ಆ ಪಂಪು ಎಣ್ಣೆಯ ಜೊತೆ ಗಾಳಿ ಎಳೆದಿತ್ತು. ಗಾಳಿ ಎಳೆಯುತ್ತಿದೆ ಎಂದು ಯಜಮಾನರು ಮೊದಲ ದಿನವೇ ಹೇಳಿದ್ದರು.

ಎಣ್ಣೆ ತುಂಬಿದ ಮೇಲೆ ಡಿ ಗೆ ಹಾಕಿದೆ. ಗಾಡಿ ಒಮ್ಮೆ ಕುಲುಕಿ ನಾಲ್ಕು ಮಾರು ಮುಂದೆ ಹೋಗಿ ನಿಂತಿತು. ಸೀದ ವಾಸನೆ ಶೆಡ್ಡಿನ ತುಂಬಾ ಹರಡಿತು. ಬೆಂಗಳೂರಿನವರಿಗೆ ಹೇಳಿದೆ. "ಮೊದಲನೇ ದಿನಾನೇ ತುಂಬಿಸಿದ್ರೆ ಉಳೀತಿತ್ತೇನೋ ಸರ್. ಈಗ ಪ್ಲೇಟ್ ಇರಲ್ಲ. ಬಿಚ್ಚಿ ನೋಡಿ, ಆದ್ರೆ ಜಾಸ್ತಿ ಆಸೆ ಇಟ್ಕೋಬೇಡಿ" ಅಂದರು. ಮೆತ್ತಗೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಪಕ್ಕದ ಶೆಡ್ಡಿನಲ್ಲಿ ಲೋಹ ಕಡೆಯುವ ಲೇತ್ ಇಟ್ಟುಕೊಂಡಿರುವ ನನ್ನ ಹಳೆಯ ಗೆಳೆಯ ಎಲ್ಲವನ್ನೂ ನೋಡುತ್ತಲೇ ಇದ್ದ. ಗೇರ್‌ಬಾಕ್ಸ್ ಇಳಿಸಲು ಕೈ ಕೊಟ್ಟವನೂ ಅವನೇ. ಬೆಂಚಿನ ಮೇಲೆ ಬಿಚ್ಚಿ ಪ್ಲೇಟುಗಳನ್ನು ಸಾಲಾಗಿ ಜೋಡಿಸಿದಾಗ ನಾಲ್ಕು ಬರೀ ಕಬ್ಬಿಣ, ಪದರದ ಗುರುತೇ ಇಲ್ಲ. ಕಬ್ಬಿಣ ನೀಲಿ ತಿರುಗಿತ್ತು. ಅವನ್ನು ಕೂರಿಸುವ ಡ್ರಮ್ಮಿನ ಒಳಗೋಡೆಯಲ್ಲಿ ಉಗುರಿಗೆ ಸಿಗುವಷ್ಟು ಗೀರು. ಪಂಪಿನ ಮುಖದ ಮೇಲೂ ಗೀರು.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಎಂದ ಲೇತಿನವನು. ಆಮೇಲೆ ಧ್ವನಿ ತಗ್ಗಿಸಿದ. "ಈಗ ಆವಯ್ಯಂಗೆ ಏನ್ ಹೇಳ್ತೀಯಲಾ?"

"ಗೊತ್ತಿಲ್ಲ ಕಣೋ."

"ಕೆರೆ ನೀರು ಅಂತ ಮೊದ್ಲೇ ಹೇಳಿದೀಯ. ಅದೇ ಇರ್ಲಿ ಬುಡು. ಕೆರೆ ಬಂದು ಸಾಕ್ಷಿ ಹೇಳ್ತದಾ?"

ಅವನು ಕೆಟ್ಟವನಲ್ಲ. ನನ್ನ ಗ್ಯಾರೇಜಿನ ಹೆಸರು ಉಳಿಯಲಿ ಎಂದು ಹೇಳಿದ. ನಿಜ ಹೇಳುತ್ತೇನೆ, ಎರಡು ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಮೂರನೆಯ ದಿನ ಯಜಮಾನರು ಗುಬ್ಬಿ ಕಡೆಯ ಯಾವುದೋ ತೆಂಗಿನಕಾಯಿ ಟೆಂಪೊದಲ್ಲಿ ಬಂದು ಇಳಿದರು. ಬೆಂಚಿನ ಹತ್ತಿರ ಬಂದು ಪ್ಲೇಟುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಕಸುಬುದಾರರ ಕೈ ಅದು. ಸುಟ್ಟ ಲೋಹದ ಬಣ್ಣ ನೋಡಿದರೆ ಅವರಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

"ನಾನೇ ಕೈಯಾರ ಕೆಡಿಸ್ಕೊಂಡೆ" ಅಂದರು. "ಮನೇಲಿ ಬೇಡ ಅಂದ್ರು ಮೇಸ್ತ್ರಿ, ಬಕೆಟ್‌ನಾಗೆ ತೊಳ್ಕಳಿ ಅಂತ. ನಾನೇ ಕೇಳ್ಲಿಲ್ಲ. ಎಲ್ರೂ ಗಾಡಿ ಕೆರೆಗೆ ಇಳಿಸ್ತಾವ್ರೆ, ನಂದೂ ಒಂದು ಇರ್ಲಿ ಅಂತ ಆಸೆ. ಒಂದ್ ತಿಂಗ್ಳಿಂದ ಕೆರೆ ಏರಿ ಮೇಲೆ ಹೋಗಾಕೇ ಮನಸ್ಸು ಬರಾಕಿಲ್ಲ."

ಲೇತಿನವನು ಬಾಗಿಲಲ್ಲೇ ನಿಂತಿದ್ದ. ನಾನು ಅವನ ಕಡೆ ನೋಡಲಿಲ್ಲ.

"ಕೆರೆ ಅಲ್ಲ ಯಜಮಾನ್ರೆ" ಅಂದೆ. "ನಾನು. ಯುಗಾದೀಲಿ ಎಣ್ಣೆ ಕಮ್ಮಿ ತುಂಬ್ಸಿದ್ದೆ. ಇಂಜಿನ್ ಓಡ್ತಿರುವಾಗ ನೋಡ್ಬೇಕಾಗಿತ್ತು, ನಿಲ್ಸಿ ನೋಡ್ದೆ. ನೀವು ಮೊದ್ಲು ಬಂದಾಗ್ಲೂ ಹಂಗೇ ನೋಡ್ದೆ. ಆವತ್ತು ಸರಿಯಾಗಿ ನೋಡಿದ್ರೆ ಉಳೀತಿತ್ತು. ಒಂದ್ ತಿಂಗ್ಳು ನಿಮ್ ಕೈಲಿ ಸುಡ್ಸಿದೋನು ನಾನೇ."

ಅವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಪಂಪಿನ ಗೀರಿನ ಮೇಲೆ ಹೆಬ್ಬೆರಳು ಆಡಿಸಿ, "ಡ್ರೈ ರನ್" ಅಂದರು. ನೀರಿಲ್ಲದೆ ಓಡಿ ಸುಟ್ಟ ಮೋಟರಿಗೆ ಅವರ ಕಸುಬಿನಲ್ಲಿ ಇರುವ ಮಾತು ಅದು.

"ಹೂಂ. ನೀವು ಹೇಳಿದ್ರಿ. ನಾನು ನಕ್ಕೆ."

ಅವರು ಸ್ಟೂಲಿನ ಮೇಲೆ ಕೂತರು. ಬೈಯಲಿ ಎಂದು ನಾನು ಕಾಯುತ್ತ ನಿಂತಿದ್ದೆ. ಕೊನೆಗೆ ಬೇರೆಯೇ ಏನೋ ಹೇಳತೊಡಗಿದರು. "ಐದಾರ್ ವರ್ಷದ ಕೆಳಗೆ ಒಂದ್ ಬೋರ್‌ನಾಗೆ ಮೋಟ್ರು ಎತ್ತುವಾಗ ನನ್ ಕ್ಲಾಂಪು ಜಾರ್ತು. ಸರಿಯಾಗಿ ಬಿಗ್ದಿರ್ಲಿಲ್ಲ ನಾನು. ಪೈಪು ಸಮೇತ ಒಳಕ್ಕೆ ಹೋಯ್ತು. ಬೋರೇ ಹಾಳಾಯ್ತು. ಆ ತೋಟದೋರಿಗೆ ಪೈಪೇ ತುಕ್ಕು ಹಿಡ್ದು ಮುರೀತು ಅಂತ ಹೇಳ್ದೆ. ಇವತ್ತಿಗೂ ಅವರು ಎದುರು ಸಿಕ್ಕುದ್ರೆ ಕಾಫಿ ಕುಡ್ಸಿ ಕಳಿಸ್ತಾರೆ." ಪ್ಲೇಟನ್ನು ಬೆಂಚಿನ ಮೇಲೆ ಇಟ್ಟರು. "ನೀನು ಹೇಳ್ದೆ. ನಾನು ಹೇಳ್ಲಿಲ್ಲ."

ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ. ನಾನೂ ಕೇಳಲಿಲ್ಲ. ಯಾವಾಗಲೂ 'ನೀವು' ಅನ್ನುತ್ತಿದ್ದವರು ಅಂದು 'ನೀನು' ಅಂದದ್ದನ್ನು ಮಾತ್ರ ಗಮನಿಸಿದೆ.

"ಮ್ಯಾನ್ಯುಯಲ್ ಬಾಕ್ಸ್ ಕೂರ್ಸಬೌದು" ಎಂದ ಲೇತಿನವನು, ಏನಾದರೂ ಹೇಳಬೇಕಲ್ಲ ಎಂದು. "ಅದಾದ್ರೆ ನಮ್ ಕೈಲೇ ಆಯ್ತದೆ. ಗಟ್ಟಿಯಾಗೂ ಇರ್ತದೆ."

ಯಜಮಾನರು ಎದ್ದು, ಹೊರಗೆ ರಿಪೇರಿಗೆ ನಿಂತಿದ್ದ ಒಂದು ಟೆಂಪೊ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತರು. ಎರಡೂ ಕೈಯಲ್ಲಿ ತಮ್ಮ ಎಡಗಾಲನ್ನು ಎತ್ತಿ ಕ್ಲಚ್ ಪೆಡಲಿನ ಮೇಲೆ ಇಟ್ಟರು. ಕೈ ಬಿಟ್ಟರು. ಕಾಲು ಪೆಡಲಿನಿಂದ ಜಾರಿ ಕೆಳಗೆ ಬಿತ್ತು. ಇನ್ನೊಮ್ಮೆ ಎತ್ತಿ ಇಟ್ಟರು, ಇನ್ನೊಮ್ಮೆ ಬಿತ್ತು. ನಮಗೆ ತೋರಿಸಲು ಮಾಡಿದರೋ, ತಾವೇ ನೋಡಿಕೊಳ್ಳಲು ಮಾಡಿದರೋ ಗೊತ್ತಿಲ್ಲ. ಲೇತಿನವನು ಒಳಗೆ ಹೋಗಿ ಮೆಷಿನ್ ಹಾಕಿದ. ಅವನಿಗೆ ಆಗ ಮಾಡುವ ಕೆಲಸ ಯಾವುದೂ ಇರಲಿಲ್ಲ.

ಆದರೂ ಪ್ರಯತ್ನ ಬಿಡಲಿಲ್ಲ. ಗುಜರಿಗಳಲ್ಲಿ ಹುಡುಕಿದೆ. ಆ ಮಾದರಿಯ ಆಟೋಮ್ಯಾಟಿಕ್ ಎಲ್ಲೂ ಇರಲಿಲ್ಲ. ಒಂದು ಸಿಕ್ಕಿತು, ಅದು ನಾಲ್ಕೂ ಚಕ್ರ ಎಳೆಯುವ ಗಾಡಿಯದ್ದು, ಹಿಂಭಾಗ ಕೂರುವುದಿಲ್ಲ. ಬೆಂಗಳೂರಿನವರು ಪ್ಲೇಟಿನ ಸೆಟ್ ಕಳಿಸಿದರು. ಮೊದಲ ಸಲ ಹಲ್ಲಿನ ಸಂಖ್ಯೆ ಬೇರೆ ಬಂದು ವಾಪಸ್ಸು ಕಳಿಸಿದ್ದಾಯಿತು. ಎರಡನೆಯದು ಸರಿಹೋಯಿತು. ಡ್ರಮ್ಮು, ಪಂಪು ಹೊಸದು ಸಿಗುವುದಿಲ್ಲ ಅಂದರು. ಲೇತಿನವನು ಒಂದು ಇಡೀ ದಿನ ಕೂತು ನಯವಾದ ಉಪ್ಪುಕಾಗದದಲ್ಲಿ ಡ್ರಮ್ಮಿನ ಗೀರು ಉಜ್ಜಿದ. ಪಂಪಿನ ಮುಖವನ್ನು ಗಾಜಿನ ಮೇಲೆ ಪೇಸ್ಟ್ ಹಾಕಿ ತೇಯ್ದ. ಇದಕ್ಕಿಂತ ಹೆಚ್ಚು ತೇಯ್ದರೆ ಅಳತೆ ತಪ್ಪುತ್ತದೆ ಎಂದು ನಿಲ್ಲಿಸಿದ. ಗೀರು ಪೂರ್ತಿ ಹೋಗಿರಲಿಲ್ಲ. ಪ್ಲೇಟುಗಳನ್ನು ಹೊಸ ಎಣ್ಣೆಯಲ್ಲಿ ಒಂದು ದಿನ ನೆನೆಹಾಕಿ, ಸೀಲುಗಳನ್ನು ಬದಲಿಸಿ ಜೋಡಿಸಿದೆ. ಎಣ್ಣೆಯನ್ನು ಈ ಸಲ ಇಂಜಿನ್ ಓಡಿಸಿಕೊಂಡು, ಬೆಚ್ಚಗಾಗಿಸಿ, ಲಿವರ್ ಆಡಿಸಿ, ತೊಟ್ಟು ತೊಟ್ಟಾಗಿ ಬೀಳುವವರೆಗೆ ತುಂಬಿದೆ. ಜೀವನದಲ್ಲಿ ಅಷ್ಟು ಸರಿಯಾಗಿ ನಾನು ಯಾವ ಗಾಡಿಗೂ ಎಣ್ಣೆ ತುಂಬಿಲ್ಲ.

ಸ್ಟೀರಿಂಗ್ ಮುಂದೆ ಅವರೇ ಕೂರಲಿ ಎಂದೆ. ನಾನು ಪಕ್ಕದಲ್ಲಿ ಕೂತೆ. ಡಿ ಗೆ ಹಾಕಿದಾಗ ಗಾಡಿ ಗಟ್ಟಿಯಾಗಿ ಹಿಡಿಯಿತು. ಗೇಟಿನ ಏರನ್ನು ಕೂಗದೆ ಹತ್ತಿತು. ಅವರು ನನ್ನ ಕಡೆ ತಿರುಗಲಿಲ್ಲ, ಕೆನ್ನೆ ಮಾತ್ರ ಸ್ವಲ್ಪ ಸಡಿಲಾಯಿತು. ಊರು ದಾಟಿ ಕುಣಿಗಲ್ ರಸ್ತೆ ಹಿಡಿದೆವು. ಹನ್ನೆರಡು ಕಿಲೋಮೀಟರ್. ಕಿಟಕಿಯಿಂದ ಒಂದು ಕೈ ಹೊರಗಿಟ್ಟು ಓಡಿಸಿದರು. ಎಣ್ಣೆ ಪೂರ್ತಿ ಬಿಸಿಯಾಗಿ ತೆಳ್ಳಗಾದ ಮೇಲೆ ಒಂದು ಸಣ್ಣ ದಿಣ್ಣೆ ಬಂತು. ಎರಡರಿಂದ ಮೂರಕ್ಕೆ ಬೀಳುವ ಜಾಗದಲ್ಲಿ ಮುಳ್ಳು ಮೆಲ್ಲಗೆ ಎದ್ದಿತು. ಇಬ್ಬರೂ ನೋಡಿದೆವು. ಅವರು ಕಾಲು ಸಡಿಲಿಸಿ ಮತ್ತೆ ತುಳಿದರು, ಮತ್ತೆ ಎದ್ದಿತು. ಗೀರಿನ ಸಂದಿಯಲ್ಲಿ ಒತ್ತಡ ಸೋರುತ್ತಿತ್ತು. ಅದಕ್ಕೆ ನನ್ನ ಹತ್ತಿರ ಔಷಧ ಇರಲಿಲ್ಲ.

ಅವರು ಗಾಡಿಯನ್ನು ರಸ್ತೆ ಬದಿಗೆ ತಂದು, ಪಾರ್ಕಿಗೆ ಹಾಕಿ, ಇಂಜಿನ್ ತಾವೇ ನಿಲ್ಲಿಸಿದರು.

"ಸಾಕು ಬುಡು" ಅಂದರು.

"ಇನ್ನೊಂದ್ ಕಡೆ ಪಂಪು ಕೇಳಿದೀನಿ…"

"ಬೋರ್‌ನಾಗೆ ನೀರಿಲ್ಲ ಅಂದ್ಮೇಲೆ ಎಷ್ಟ್ ಸಲ ಮೋಟ್ರು ಬದಲಾಯ್ಸುದ್ರೆ ಏನು. ನಾನೇ ಎಷ್ಟೋ ಜನಕ್ಕೆ ಹೇಳಿದೀನಿ ಈ ಮಾತ."

ಗಾಡಿ ತಣ್ಣಗಾಗುವವರೆಗೆ ಕಾದು, ನಿಧಾನಕ್ಕೆ ಗ್ಯಾರೇಜಿಗೆ ತಂದು ಮೂಲೆಯಲ್ಲಿ ನಿಲ್ಲಿಸಿದೆವು. ಕೀಲಿಯನ್ನು ಅವರು ಅದರಲ್ಲೇ ಬಿಟ್ಟರು. ಸ್ಟ್ಯಾಂಡು, ಪುಲ್ಲಿ, ಕ್ಲಾಂಪುಗಳನ್ನು ಲೇತಿನವನೂ ನಾನೂ ಇಳಿಸಿ ನನ್ನ ಟೆಂಪೊಗೆ ಹಾಕಿದೆವು, ಮಾರನೆಯ ದಿನ ಅಮೃತೂರಿಗೆ ತಲುಪಿಸೋಣ ಎಂದು. ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟೆ. ಹತ್ತಲು ಭುಜ ಕೊಟ್ಟೆ. ಅವರು ನನ್ನ ಭುಜ ಹಿಡಿದು, ಕಾಲನ್ನು ಕೈಯಿಂದಲೇ ಆ ಬದಿಗೆ ದಾಟಿಸಿಕೊಂಡರು.

ಕುಣಿಗಲ್ ಬಸ್ಸು ನಿಂತಿತ್ತು, ಡ್ರೈವರ್ ಇನ್ನೂ ಬಂದಿರಲಿಲ್ಲ. ಅವರು ಕಂಬಕ್ಕೆ ಒರಗಿ ನಿಂತರು. ಕೋಲಿನ ತುದಿಯಿಂದ ನೆಲದ ಮೇಲೆ ಸುಮ್ಮನೆ ಗೀಚುತ್ತಿದ್ದರು. ಏನೋ ಹೇಳಬೇಕೆಂದು ಬಾಯಿ ತೆರೆದು ಮುಚ್ಚಿದ್ದನ್ನು ಎರಡು ಸಲ ನೋಡಿದೆ. ಬೈಯುತ್ತಾರೆ, ಈಗಲಾದರೂ ಬೈಯಲಿ ಅಂದುಕೊಂಡೆ.

"ನಾಳೆ ಗುಬ್ಬಿ ಕಡೆ ಕಡಬದಾಗೆ ಒಂದ್ ಮೋಟ್ರು ಎತ್ತೋದೈತೆ" ಅಂದರು, ನೆಲ ನೋಡುತ್ತಲೇ. "ಮಾತು ಕೊಟ್ಟುಬಿಟ್ಟಿದೀನಿ. ಸಾಮಾನು ಹೆಂಗೂ ನಿನ್ ಟೆಂಪೊದಾಗೇ ಐತೆ." ಆಮೇಲೆ ಗೀಚುವುದನ್ನು ನಿಲ್ಲಿಸಿ ಕೇಳಿದರು. "ಅಣ್ಣಾ, ಕರ್ಕೊಂಡು ಹೋಗ್ತೀಯಾ?"

ಹೋಗ್ತೀನಿ ಅಂದೆ. ಕಂಡಕ್ಟರ್ ಬಂದು ಅವರ ರಟ್ಟೆಗೆ ಕೈ ಹಾಕಿ ಬಸ್ಸಿಗೆ ಹತ್ತಿಸಿದ. ನಾಳಿದ್ದು ಯಾರನ್ನು ಕೇಳುತ್ತಾರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.